ಬರದ ಹಣ ಬರಗಾಲದಲ್ಲೇ ಕೈಸೇರಲಿ: ಮುಖ್ಯಮಂತ್ರಿಗಳಿಗೆ ಮಳೆಯಾಶ್ರಿತ ರೈತನೊಬ್ಬನ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಸಣ್ಣ ರೈತರಿಗೆ ಬರದ ನೆರವನ್ನು ಹಂಗಾಮು ಮುಗಿಯುವುದರೊಳಗೆ ತಲುಪಿಸುವ ಬಗ್ಗೆ

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಬ್ಬ ಸಣ್ಣ ರೈತ. ನಮ್ಮದು ಮಸಾರಿ ಹೊಲ, ಮಳೆ ನಂಬಿದ ಬೇಸಾಯ. ಶೇಂಗಾ ಮುಖ್ಯ ಬೆಳೆ. ನಡುವೆ ಅಕ್ಕಡಿ ಸಾಲಿಗೆ ತೊಗರಿ, ಅಲಸಂದೆ ಹಾಕುತ್ತೇವೆ. ಕೊಳವೆಬಾವಿ ಬತ್ತಿ ಎಷ್ಟೋ ವರ್ಷಗಳಾದವು. ಕೃಷಿ, ಕಂದಾಯ, ಸಹಕಾರ, ಪಶುಸಂಗೋಪನೆ ಹೀಗೆ ನಾಲ್ಕು ಇಲಾಖೆಗಳ ಬಾಗಿಲಲ್ಲಿ ಹೇಳಬೇಕಾದ ಮಾತು ಇದು. ಒಂದು ಇಲಾಖೆಗೆ ಹೋದರೆ ಇನ್ನೊಂದರ ಕಡೆ ಕೈ ತೋರಿಸುತ್ತಾರೆ. ನಾಲ್ಕಕ್ಕೂ ಮೇಲಿರುವವರು ನೀವು. ಅದಕ್ಕೇ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಬರ ನಮಗೆ ಹೊಸದಲ್ಲ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಇವೆ. ಮಳೆ ಕೈಕೊಟ್ಟ ವರ್ಷ ಹೇಗೆ ಬದುಕಬೇಕು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಒಂದೇ ಹೊಲಕ್ಕೆ ನಾಲ್ಕು ಕಾಳು ಹಾಕುತ್ತಿದ್ದರು. ಮನೆಯಲ್ಲಿ ಕುರಿ ಇರುತ್ತಿದ್ದವು. ನವಣೆ, ಸಾವೆ ನೆಲದಡಿಯ ಹಗೇವಿನಲ್ಲಿ ಉಳಿದಿರುತ್ತಿದ್ದವು. ಈಗ ಹಾಗಿಲ್ಲ. ಬೀಜ, ಗೊಬ್ಬರ, ಉಳುಮೆ, ಕಳೆ ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು. ಹಿಂದೆ ಮಳೆ ಹೋದರೆ ಬೆಳೆ ಹೋಗುತ್ತಿತ್ತು. ಈಗ ಬೆಳೆಯೂ ಹೋಗುತ್ತದೆ, ತಲೆ ಮೇಲೆ ಸಾಲವೂ ಉಳಿಯುತ್ತದೆ.

2023ರಲ್ಲಿ ನಮ್ಮ ಕಡೆ ಆಗಿದ್ದನ್ನು ಹೇಳುತ್ತೇನೆ. ಜೂನ್ ಒಣಗಿತು. ಜುಲೈನಲ್ಲಿ ಒಳ್ಳೆಯ ಹದ ಮಳೆ ಬಂತು. ತಡವಾದರೂ ಬಂತಲ್ಲ ಅಂತ ಎಲ್ಲರೂ ಕೂರಿಗೆ ಹೂಡಿದೆವು. ಬೀಜ ಚೆನ್ನಾಗಿಯೇ ಮೊಳೆಯಿತು. ಆಮೇಲೆ ಆಗಸ್ಟ್ ತಿಂಗಳು ಪೂರ್ತಿ ಮೋಡ ನೋಡುವುದೇ ಕೆಲಸವಾಯಿತು. ಆ ಆಗಸ್ಟ್ 1901ರಿಂದೀಚೆಗೆ ಇಡೀ ದೇಶದಲ್ಲೇ ಅತಿ ಕಡಿಮೆ ಮಳೆ ಕಂಡ ಆಗಸ್ಟ್ ಅಂತ ಹವಾಮಾನ ಇಲಾಖೆಯೇ ಆಮೇಲೆ ಹೇಳಿತು. ಶೇಂಗಾ ಹೂವು ಬಿಟ್ಟು ಕಾಯಿ ನೆಲಕ್ಕಿಳಿಯುವ ಹೊತ್ತು ಅದು. ಬೆಳಗ್ಗೆ ಹತ್ತು ಗಂಟೆಗೆಲ್ಲ ಎಲೆಗಳು ಮಡಚಿಕೊಳ್ಳುತ್ತಿದ್ದವು. ನಾನು ಸಾಲಿನಲ್ಲಿ ಕೂತು ಒಂದು ಗಿಡದ ಬುಡ ನೋಡಿದೆ. ಹೂವಿನ ಬುಡದಿಂದ ಕೆಳಗಿಳಿದ ಎಳೆಗಳು ಮಣ್ಣಿನ ಮೇಲೆಯೇ ನಿಂತಿದ್ದವು. ನೆಲ ಎಷ್ಟು ಗಟ್ಟಿಯಾಗಿತ್ತು ಅಂದರೆ ಅವು ಒಳಗೆ ಇಳಿಯಲು ಆಗದೆ ತುದಿ ಕಪ್ಪಾಗಿ ಮುರುಟಿಕೊಂಡಿದ್ದವು. ಗಿಡ ಮಾತ್ರ ಹಸಿರಾಗಿಯೇ ಇತ್ತು. ರಸ್ತೆ ಮೇಲೆ ಜೀಪಿನಲ್ಲಿ ಹೋಗುವವರಿಗೆ ಬೆಳೆ ಚೆನ್ನಾಗಿದೆ ಅಂತಲೇ ಕಾಣುತ್ತಿತ್ತು. ಈ ಹಸಿರು ಬರ ಎಷ್ಟು ಮೋಸ ಮಾಡುತ್ತದೆ ಅನ್ನುವುದು ಬುಡ ಕಿತ್ತು ನೋಡಿದವರಿಗೆ ಮಾತ್ರ ಗೊತ್ತು.

ಅಂದರೆ ಆಗಸ್ಟ್ ಕೊನೆಗೇ ನಮ್ಮ ಬೆಳೆ ಮುಗಿದಿತ್ತು. ಇನ್ನು ಹಣ ಬಂದ ದಾರಿ ನೋಡಿ. ಸೆಪ್ಟೆಂಬರ್ 13ರಂದು ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಮುಂದೆ ಅದು ಬೆಳೆದು 236 ತಾಲ್ಲೂಕುಗಳಲ್ಲಿ 223 ಆಯಿತು. ಕೇಂದ್ರಕ್ಕೆ ಮನವಿ ಹೋಯಿತು. ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದು ನೋಡಿಕೊಂಡು ಹೋಯಿತು. ಸುಮಾರು 48 ಲಕ್ಷ ಹೆಕ್ಟೇರ್ ಬೆಳೆ ಹಾಳಾಗಿದೆ, 18,171 ಕೋಟಿ ರೂಪಾಯಿ ಕೊಡಿ ಅಂತ ರಾಜ್ಯ ಕೇಳಿತು. ತಿಂಗಳುಗಳು ಉರುಳಿದವು. 2024ರ ಜನವರಿಯಲ್ಲಿ ರಾಜ್ಯವೇ ಮೊದಲ ಕಂತಾಗಿ ಒಬ್ಬ ರೈತನಿಗೆ ಗರಿಷ್ಠ 2,000 ರೂಪಾಯಿ ಹಾಕಲು ಶುರು ಮಾಡಿತು. ಮಾರ್ಚಿನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಏಪ್ರಿಲ್ ಕೊನೆಗೆ ಕೇಂದ್ರದಿಂದ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಉಳಿದ ಹಣ ರೈತರ ಖಾತೆಗೆ ಬರುವ ಹೊತ್ತಿಗೆ ಮೇ ತಿಂಗಳು.

ಆಗಸ್ಟಿನಲ್ಲಿ ಸತ್ತ ಬೆಳೆಗೆ ಮೇ ತಿಂಗಳಲ್ಲಿ ಪರಿಹಾರ. ಕೇಂದ್ರ ಮತ್ತು ರಾಜ್ಯದ ಜಗಳದಲ್ಲಿ ಯಾರದು ಸರಿ ಅಂತ ತೀರ್ಪು ಕೊಡಲು ನಾನು ಈ ಪತ್ರ ಬರೆಯುತ್ತಿಲ್ಲ. ಆ ಎಂಟು ಒಂಬತ್ತು ತಿಂಗಳು ಹಳ್ಳಿಯಲ್ಲಿ ಏನಾಗುತ್ತದೆ ಅನ್ನುವುದು ನಿಮ್ಮ ಕಣ್ಣಿಗೆ ಬೀಳಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಓಣಿಯ ಒಬ್ಬ ಅಕ್ಕ, ಗಂಡ ಇಲ್ಲ, ಎರಡು ಎಕರೆ ಹೊಲ, ಒಂದು ಜೊತೆ ಎತ್ತು. ಅಕ್ಟೋಬರಿನಲ್ಲಿ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋದರು. ಮೇವಿಲ್ಲ, ಸಂಘದ ಕಂತು ಕಟ್ಟಬೇಕು, ಮಗಳ ಕಾಲೇಜು ಫೀಸು ಬೇರೆ. ಅವತ್ತು ಸಂತೆ ತುಂಬ ಮಾರುವವರೇ. ಕೊಳ್ಳುವವರು ಹೇಳಿದ್ದೇ ರೇಟು. ಸಿಕ್ಕ ದುಡ್ಡು ಮನೆಗೆ ಬರುವ ಮುಂಚೆಯೇ ಖರ್ಚಾಗಿತ್ತು. ಮುಂದಿನ ಮುಂಗಾರಿಗೆ ಅವರಿಗೆ ಪರಿಹಾರ ಬಂತು, ಎತ್ತು ಮಾತ್ರ ವಾಪಸ್ ಬರಲಿಲ್ಲ. ಆ ದುಡ್ಡಿನಲ್ಲಿ ಜೊತೆ ಎತ್ತಿನ ಮಾತಿರಲಿ, ಒಂದು ಕರು ಸಹ ಬರುತ್ತಿರಲಿಲ್ಲ. ಈಗ ಟ್ರ್ಯಾಕ್ಟರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಉಳುಮೆ ಮಾಡಿಸುತ್ತಾರೆ. ಅವರ ಸರದಿ ಬರುವುದು ದೊಡ್ಡ ಹಿಡುವಳಿದಾರರ ಕೆಲಸ ಮುಗಿದ ಮೇಲೆ. ಅಷ್ಟರಲ್ಲಿ ನೆಲದ ಹದ ಆರಿರುತ್ತದೆ. ಒಂದು ಬರ ಹೀಗೆ ಅವರ ಬೇಸಾಯವನ್ನು ಶಾಶ್ವತವಾಗಿ ಬದಲಿಸಿಬಿಟ್ಟಿತು. ಆ ಸೆಪ್ಟೆಂಬರಿನಲ್ಲೇ ಕೈಗೆ ನಾಲ್ಕು ಸಾವಿರ ಬಂದಿದ್ದರೆ ಅವರು ಎತ್ತು ಮಾರುತ್ತಿರಲಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಅವರೇ ಹೇಳಿದ ಮಾತು.

ಬೇರೆಯವರ ಕತೆಯೂ ಇದೇ. ಕೆಲವರು ಮಂಡಿಯಲ್ಲಿ ಸಾಲ ಮಾಡಿದರು, ಮುಂದಿನ ವರ್ಷದ ಶೇಂಗಾ ಅಲ್ಲಿಗೇ ಹಾಕಬೇಕು ಅನ್ನುವ ಕರಾರಿನ ಮೇಲೆ. ಕೆಲವು ಮನೆಗಳಿಗೆ ಬೀಗ ಬಿತ್ತು. ಗಂಡ ಹೆಂಡತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಇಲ್ಲ ಚಿಕ್ಕಮಗಳೂರು ಕಡೆ ಕಾಫಿ ತೋಟಕ್ಕೆ ಹೋದರು. ವಯಸ್ಸಾದವರು, ಮಕ್ಕಳು ಊರಲ್ಲಿ ಉಳಿದರು.

ಇನ್ನು ಪರಿಹಾರದ ಮೊತ್ತ. ವಿಪತ್ತು ಪರಿಹಾರ ನಿಧಿಯ 2022–26ರ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಎಕರೆ ಲೆಕ್ಕಕ್ಕೆ ತಂದರೆ 3,440 ರೂಪಾಯಿ ಚಿಲ್ಲರೆ. ಒಂದು ಎಕರೆ ಶೇಂಗಾದ ಬಿತ್ತನೆ ಬೀಜಕ್ಕೇ ಇದಕ್ಕಿಂತ ಜಾಸ್ತಿ ಆಗುತ್ತದೆ. ಈ ದರ ಹೆಚ್ಚಿಸಬೇಕು ಅಂತ ಎಲ್ಲ ಸಂಘಟನೆಗಳೂ ಕೇಳುತ್ತಿವೆ, ನಾನೂ ಕೇಳುತ್ತೇನೆ. ಆದರೆ ನಿಧಿಯ ಈ ದರ ಹೆಚ್ಚಿಸುವುದು ದಿಲ್ಲಿಯ ಕೈಯಲ್ಲಿದೆ. ಬೇಗ ಕೊಡುವುದು ನಿಮ್ಮ ಕೈಯಲ್ಲಿದೆ. ಹೊತ್ತಿಗೆ ಸರಿಯಾಗಿ ಬಂದ ಮೂರು ಸಾವಿರ, ಹೊತ್ತು ಮೀರಿ ಬಂದ ಎಂಟು ಸಾವಿರಕ್ಕಿಂತ ನಮಗೆ ಹೆಚ್ಚು.

ಬೇಗ ಕೊಡಲು ಬೇಕಾದ ಎಲ್ಲವೂ ಸರ್ಕಾರದ ಹತ್ತಿರ ಆಗಲೇ ಇದೆ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಬರವನ್ನು ಅಳೆಯಲೆಂದೇ 1988ರಲ್ಲಿ ಒಂದು ಘಟಕ ಶುರು ಮಾಡಿದ ರಾಜ್ಯ ನಮ್ಮದು. ಅದೇ ಇವತ್ತಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಮಳೆಮಾಪಕಗಳಿವೆ. ಹದಿನೈದು ನಿಮಿಷಕ್ಕೊಮ್ಮೆ ಅವು ತಾವಾಗಿಯೇ ಲೆಕ್ಕ ಕಳಿಸುತ್ತವೆ. ನಮ್ಮ ಪಂಚಾಯಿತಿಯಲ್ಲಿ ಎಷ್ಟು ದಿನದಿಂದ ಹನಿ ಬಿದ್ದಿಲ್ಲ ಅನ್ನುವುದು ಬೆಂಗಳೂರಿನಲ್ಲಿ ಅವತ್ತವತ್ತೇ ಗೊತ್ತಾಗುತ್ತದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಅನ್ನುವುದು ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಫೋಟೊ ಸಮೇತ ಇದೆ. ಆ ಹೊಲದವನ ಆಧಾರ್, ಬ್ಯಾಂಕ್ ಖಾತೆ ಎಲ್ಲ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿದೆ. ಮಳೆ ಎಷ್ಟು, ಬೆಳೆ ಯಾವುದು, ಖಾತೆ ಯಾರದು ಅನ್ನುವ ಮೂರೂ ಒಂದೇ ಸರ್ಕಾರದ ಮೂರು ಕಂಪ್ಯೂಟರುಗಳಲ್ಲಿ ಇರುವಾಗ, ರೈತ ಮೇ ತಿಂಗಳವರೆಗೆ ಯಾಕೆ ಕಾಯಬೇಕು?

ಅದಕ್ಕೇ ನನ್ನ ಮೊದಲ ಕೋರಿಕೆ. ಬಿತ್ತನೆ ಆದ ಮೇಲೆ ಒಂದು ಪಂಚಾಯಿತಿಯಲ್ಲಿ ಸತತ ಮೂರು ನಾಲ್ಕು ವಾರ ಮಳೆ ಇಲ್ಲ ಅಂತ ಮಳೆಮಾಪಕ ತೋರಿಸಿದರೆ, ಆ ಪಂಚಾಯಿತಿಯ ಸಣ್ಣ, ಅತಿಸಣ್ಣ ಮಳೆಯಾಶ್ರಿತ ರೈತರಿಗೆ ಮೊದಲ ಕಂತು ತಾನಾಗಿಯೇ ಹೋಗಬೇಕು. ಅರ್ಜಿ ಬೇಡ, ಘೋಷಣೆಗೆ ಕಾಯುವುದು ಬೇಡ. ಆಮೇಲೆ ಬರ ಘೋಷಣೆಯಾಗಿ ಕೇಂದ್ರದ ಹಣ ಬಂದಾಗ ಈ ಕಂತನ್ನು ಅದರಲ್ಲಿ ಹೊಂದಿಸಿಕೊಳ್ಳಿ. 2024ರ ಜನವರಿಯಲ್ಲಿ ನೀವು ಮಾಡಿದ್ದು ಇದನ್ನೇ ಅಲ್ವಾ? ಕೇಂದ್ರದ ಹಣ ಬರುವ ಮುಂಚೆಯೇ ರಾಜ್ಯ ತನ್ನ ಕೈಯಿಂದ ಕೊಟ್ಟಿತು. ದಾರಿ ಇದೆ ಅಂತ ಆಗಲೇ ತೋರಿಸಿದ್ದೀರಿ. ಅದೇ ಕೆಲಸ ಸೆಪ್ಟೆಂಬರಿನಲ್ಲಿ ಆಗಲಿ, ಅಷ್ಟೇ. ಅದಕ್ಕೆಂದು ಬಜೆಟ್ಟಿನಲ್ಲಿ ಪ್ರತಿ ವರ್ಷ ಒಂದಿಷ್ಟು ಹಣ ಬೇರೆ ತೆಗೆದಿಡಿ. ಮಳೆ ಚೆನ್ನಾಗಿ ಆದ ವರ್ಷ ಅದು ಹಾಗೆಯೇ ಉಳಿದು ಮುಂದಿನ ವರ್ಷಕ್ಕೆ ಸೇರಲಿ.

ತಾಲ್ಲೂಕು ಬದಲು ಪಂಚಾಯಿತಿ ಯಾಕೆ ಅಂದರೆ, ಮುಂಗಾರು ಮಳೆ ತಾಲ್ಲೂಕಿನ ಗಡಿ ನೋಡಿ ಬೀಳುವುದಿಲ್ಲ. ನಮ್ಮ ಕಡೆ ಎಷ್ಟೋ ಸಲ ಹಳ್ಳದ ಆ ದಂಡೆಗೆ ಹುಯ್ದ ಮಳೆ ಈ ದಂಡೆಗೆ ಬರುವುದಿಲ್ಲ. ಕೇಂದ್ರದ 2016ರ ಬರ ಕೈಪಿಡಿ ಬಂದ ಮೇಲೆ ಬರ ಘೋಷಿಸುವ ನಿಯಮಗಳು ಇನ್ನೂ ಬಿಗಿಯಾದವು. ಮಳೆ ಕೊರತೆ, ಒಣ ಅವಧಿ, ತೇವಾಂಶ, ಬಿತ್ತನೆ ಪ್ರಮಾಣ, ಉಪಗ್ರಹ ಚಿತ್ರ ಎಲ್ಲ ನೋಡಿ, ಶೇ 10ರಷ್ಟು ಹಳ್ಳಿಗಳಲ್ಲಿ ಹೊಲ ಪರಿಶೀಲಿಸಿ, ಆಮೇಲೆ ತೀವ್ರ ಅಥವಾ ಸಾಧಾರಣ ಅಂತ ಬರೆಯುತ್ತಾರೆ. ತೀವ್ರ ಅಂತ ಬಂದರೆ ಮಾತ್ರ ಕೇಂದ್ರದ ನೆರವು. ಈ ನಿಯಮ ಸಡಿಲಿಸಿ ಅಂತ 2023ರಲ್ಲಿ ನಮ್ಮ ರಾಜ್ಯವೇ ಪ್ರಧಾನಿಗಳಿಗೆ ಬರೆದಿತ್ತು. ಆ ಪ್ರಯತ್ನ ಬಿಡಬೇಡಿ. ಆದರೆ ಮೊದಲ ಕಂತಿಗೆ ಈ ಕೈಪಿಡಿ ಅಡ್ಡ ಬರುವುದಿಲ್ಲ, ಅದು ರಾಜ್ಯದ್ದೇ ಹಣ.

ಎರಡನೆಯದು ದಾಖಲೆಗಳ ವಿಷಯ. ಕಂಪ್ಯೂಟರಿನಲ್ಲಿ ಎಲ್ಲ ಇದೆ ಅಂದೆ. ಇದೆ, ಆದರೆ ಅದರಲ್ಲಿ ತಪ್ಪುಗಳೂ ಇವೆ. ಹಂಗಾಮಿನಲ್ಲಿ ಊರಿನ ಹುಡುಗರನ್ನೇ ಖಾಸಗಿ ನಿವಾಸಿ ಅಂತ ನೇಮಿಸಿ ಬೆಳೆ ಸಮೀಕ್ಷೆ ಮಾಡಿಸುತ್ತಾರೆ. ಅವರ ಮೇಲೂ ಒತ್ತಡ ಇರುತ್ತದೆ. ಕೆಲವರು ಬದುವಿನ ಮೇಲೆ ನಿಂತು ಒಂದು ಫೋಟೊ ತೆಗೆದು ಹೋಗುತ್ತಾರೆ. ಅಕ್ಕಡಿ ಸಾಲಿನ ಹೊಲದಲ್ಲಿ ಆ ಫೋಟೊದಲ್ಲಿ ಎದ್ದು ಕಾಣುವುದು ತೊಗರಿ. ಶೇಂಗಾ ಹಾಕಿದವನ ಹೆಸರಿನ ಮುಂದೆ ತೊಗರಿ ಅಂತ ಬಿದ್ದರೆ, ಶೇಂಗಾಕ್ಕೆ ಕಟ್ಟಿದ ವಿಮೆಯ ಅರ್ಜಿ ತಾಳೆಯಾಗದೆ ತಿರಸ್ಕಾರವಾಗುತ್ತದೆ. ಮಿಶ್ರ ಬೆಳೆ ಬೆಳೆಯಿರಿ, ಬರಕ್ಕೆ ಅದೇ ಒಳ್ಳೆಯದು ಅಂತ ವಿಜ್ಞಾನಿಗಳು ಹೇಳುತ್ತಾರೆ. ಹಾಗೆ ಬೆಳೆದವನಿಗೇ ದಾಖಲೆಯಲ್ಲಿ ಪೆಟ್ಟು ಬೀಳುತ್ತದೆ. ಸಮೀಕ್ಷೆ ಮುಗಿದ ಕೂಡಲೇ ಪಂಚಾಯಿತಿ ಗೋಡೆಗೆ ಸರ್ವೆ ನಂಬರುವಾರು ಪಟ್ಟಿ ಅಂಟಿಸಿ, ಆಕ್ಷೇಪಣೆಗೆ ಹದಿನೈದು ದಿನ ಕೊಡಿ. ಮೊಬೈಲಿನಲ್ಲಿ ಆಕ್ಷೇಪಣೆ ಹಾಕಿ ಅಂದರೆ ನಮ್ಮಲ್ಲಿ ಅರ್ಧ ಜನಕ್ಕೆ ಆಗುವುದಿಲ್ಲ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಕೊಡಲೂ ಅವಕಾಶ ಇರಲಿ.

ಪಹಣಿ ಇನ್ನೊಂದು ಗೋಳು. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲೇ ಇರುವ ಮನೆಗಳು ಪ್ರತಿ ಊರಲ್ಲೂ ಇವೆ. ಜಂಟಿ ಖಾತೆ ಇದ್ದರೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರಕ್ಕೆ ಓಡಾಟ. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಂದೋಲನ ಒಳ್ಳೆಯ ಕೆಲಸ, ಅದನ್ನು ನಿಲ್ಲಿಸಬೇಡಿ. ಮಳೆಯಾಶ್ರಿತ ಹೋಬಳಿಗಳನ್ನು ಮೊದಲು ಮುಗಿಸಿ. ಗಂಡ ಸತ್ತ ಹೆಣ್ಣುಮಕ್ಕಳ ಹೆಸರಿಗೆ ಖಾತೆ ಮಾಡುವುದನ್ನು ಎಲ್ಲಕ್ಕಿಂತ ಮುಂಚೆ ಮಾಡಿ. ಯಾಕೆಂದರೆ ಅವರಲ್ಲಿ ಎಷ್ಟೋ ಜನ ಹೊಲದಲ್ಲಿ ದುಡಿಯುತ್ತಾರೆ, ಆದರೆ ಫ್ರೂಟ್ಸ್ ಲೆಕ್ಕದಲ್ಲಿ ಅವರು ರೈತರೇ ಅಲ್ಲ.

ಗುತ್ತಿಗೆಗೆ ಮಾಡುವವರ ಪಾಡು ಇನ್ನೂ ಕಷ್ಟ. 1974ರ ಭೂಸುಧಾರಣೆ ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು. ಅದರ ಬಗ್ಗೆ ನಮಗೆ ಹೆಮ್ಮೆ ಇದೆ. ಆವತ್ತಿನಿಂದ ಭೂಮಿ ಗೇಣಿಗೆ ಕೊಡುವುದು ಕಾನೂನಿನಲ್ಲಿ ನಿಂತಿತು. ಊರಿನಲ್ಲಿ ನಿಲ್ಲಲಿಲ್ಲ. ಇವತ್ತೂ ಬಾಯಿ ಮಾತಿನ ಮೇಲೆ ಗುತ್ತಿಗೆಗೆ, ಕೋರಿಗೆ (ಬೆಳೆಯ ಪಾಲಿಗೆ) ಹೊಲ ಮಾಡುವ ಬಡವರು ಬೇಕಾದಷ್ಟು ಇದ್ದಾರೆ. ಬೀಜ, ಗೊಬ್ಬರ, ಸಾಲ ಎಲ್ಲ ಅವರದು. ಪರಿಹಾರ ಮಾತ್ರ ಪೇಟೆಯಲ್ಲಿರುವ ಖಾತೆದಾರನಿಗೆ. ನಮ್ಮ ಹೊಲದಿಂದ ಸ್ವಲ್ಪ ದೂರ ಹೋದರೆ ಆಂಧ್ರ. ಅಲ್ಲಿ 2019ರ ಕಾಯ್ದೆಯಡಿ ಸಾಗುವಳಿ ಮಾಡುವವನಿಗೆ ಹನ್ನೊಂದು ತಿಂಗಳ ಒಂದು ಕಾರ್ಡು ಕೊಡುತ್ತಾರೆ. ಭೂಮಿಯ ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ, ಬೆಳೆಯ ಮೇಲಿನ ಸಾಲ, ವಿಮೆ, ಪರಿಹಾರಕ್ಕೆ ಮಾತ್ರ. ಅಲ್ಲಿಯೂ ಎಲ್ಲರಿಗೂ ಕಾರ್ಡು ಸಿಗುವುದಿಲ್ಲ, ಮಾಲೀಕರು ಸಹಿ ಹಾಕಲು ಹೆದರುತ್ತಾರೆ. ಆದರೂ ಒಂದು ದಾರಿ ಇದೆ. ನಮ್ಮಲ್ಲಿ ಅದೂ ಇಲ್ಲ. ಪಂಚಾಯಿತಿ, ಗ್ರಾಮ ಆಡಳಿತಾಧಿಕಾರಿ ಸೇರಿ ಸ್ಥಳ ಮಹಜರು ಮಾಡಿ ಸಾಗುವಳಿದಾರನಿಗೆ ಒಂದು ಹಂಗಾಮಿನ ಚೀಟಿ ಕೊಡುವ ವ್ಯವಸ್ಥೆ ಮಾಡಿಕೊಡಿ.

ಇನ್ನು ಬೆಳೆ ವಿಮೆ. 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಇದೆ. ಮುಂಗಾರಿಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2, ಉಳಿದದ್ದು ಸರ್ಕಾರಗಳದು. ಯೋಜನೆ ನಮಗೆ ಬೇಕು, ಕೈಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಊರಿನಲ್ಲಿ ವಿಮೆ ಕಟ್ಟುವವರು ಇದನ್ನು ಅದೃಷ್ಟದ ಆಟ ಅಂತಲೇ ನೋಡುತ್ತಾರೆ. ಯಾಕೆ ಬಂತು ಅಂತ ಗೊತ್ತಿಲ್ಲ, ಯಾಕೆ ಬರಲಿಲ್ಲ ಅಂತಲೂ ಗೊತ್ತಿಲ್ಲ. ಮುಖ್ಯ ಬೆಳೆಗೆ ಪಂಚಾಯಿತಿಯೇ ಒಂದು ಘಟಕ. ಅದರಲ್ಲಿ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ತೆಗೆಯುತ್ತಾರೆ. ಆ ನಾಲ್ಕರಲ್ಲಿ ಒಂದು ತಗ್ಗಿನ ಹೊಲವಾದರೂ ಸಾಕು, ಒಣಗಿಹೋದ ಉಳಿದ ಹೊಲಗಳ ಲೆಕ್ಕ ಮೇಲೇರುತ್ತದೆ. ಕಟಾವು ಯಾವತ್ತು, ಯಾರ ಹೊಲದಲ್ಲಿ ಅನ್ನುವುದನ್ನು ಮೊದಲೇ ಡಂಗುರ ಹೊಡೆಸಿ, ಎಷ್ಟು ಕಿಲೋ ಬಂತು ಅನ್ನುವುದನ್ನು ಅವತ್ತೇ ಪಂಚಾಯಿತಿ ಬೋರ್ಡಿನಲ್ಲಿ ಬರೆಸಿ. ಸುಮ್ನೆ ಒಂದು ಹಾಳೆ ಅಂಟಿಸುವ ಕೆಲಸ. ಖರ್ಚು ಏನೂ ಇಲ್ಲ. ಅದರಿಂದ ಅರ್ಧ ಅನುಮಾನ ಹೋಗುತ್ತದೆ.

ಹೋಲಿಕೆ ಮಾಡುವ ಇಳುವರಿಯಲ್ಲೂ ಒಂದು ತೊಡಕಿದೆ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷದ ಸರಾಸರಿ ತೆಗೆದು, ಅದರ ಒಂದು ಭಾಗವನ್ನು ಮಿತಿ ಅಂತ ಇಡುತ್ತಾರೆ. ಅದಕ್ಕಿಂತ ಕಡಿಮೆ ಬಂದರೆ ಪರಿಹಾರ. ಏಳರಲ್ಲಿ ನಾಲ್ಕು ವರ್ಷ ಬರ ಬಿದ್ದ ಪಂಚಾಯಿತಿ ಅಂತ ಇಟ್ಟುಕೊಳ್ಳಿ. ಆಗ ಒಳ್ಳೆಯ ಐದರಲ್ಲೇ ಎರಡು ಬರದ ವರ್ಷಗಳು ಸೇರುತ್ತವೆ. ಮಿತಿ ಕುಸಿಯುತ್ತದೆ. ಬರ ಹೆಚ್ಚು ಕಂಡ ಊರಿಗೆ ಪರಿಹಾರ ಸಿಗುವುದು ಕಷ್ಟವಾಗುತ್ತದೆ. ಇದು ಯಾವ ನ್ಯಾಯ? ಬರ ಘೋಷಣೆಯಾದ ವರ್ಷಗಳನ್ನೆಲ್ಲ ಲೆಕ್ಕದಿಂದ ತೆಗೆಯಲು ಕೇಂದ್ರದ ಮೇಲೆ ಒತ್ತಡ ಹಾಕಿ. ಹಂಗಾಮಿನ ನಡುವೆಯೇ ಇಳುವರಿ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ ಅಂತ ಕಂಡರೆ ಶೇ 25ರಷ್ಟು ಮುಂಗಡ ಕೊಡಲು ಯೋಜನೆಯಲ್ಲೇ ಅವಕಾಶ ಇದೆ. ಅದನ್ನು ಬಳಸಲು ಜಿಲ್ಲಾಧಿಕಾರಿಗಳಿಗೆ ಒಂದು ಗಡುವು ಹಾಕಿ ಕೊಡಿ. ಮಳೆಮಾಪಕ ತೋರಿಸಿದ ಕೂಡಲೇ ಜಂಟಿ ಸಮೀಕ್ಷೆ ಶುರುವಾಗಬೇಕು.

ಬೀಜದ ಬಗ್ಗೆ ನನಗೆ ಬಹಳ ಬೇಸರ ಇದೆ. ಮಳೆ 2 ವಾರ ತಡವಾದರೆ ಏನು ಬಿತ್ತಬೇಕು, 4 ವಾರ, 6 ವಾರ, 8 ವಾರ ತಡವಾದರೆ ಏನು ಅಂತ ಜಿಲ್ಲೆವಾರು ಯೋಜನೆಗಳನ್ನು ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆಯವರು ಕೃಷಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಎಂದೋ ಮಾಡಿಟ್ಟಿದ್ದಾರೆ. ಇಂಗ್ಲಿಷಿನಲ್ಲಿರುವ ಆ ಪುಟಗಳು ರೈತ ಸಂಪರ್ಕ ಕೇಂದ್ರದ ಗೋಡೆಗೆ ಬಂದಿಲ್ಲ. ಗೋಡೆಗೆ ಬಂದರೂ ಸಾಲದು, ಗೋದಾಮಿಗೆ ಬರಬೇಕು. ಶೇಂಗಾ ಹೋದ ಮೇಲೆ ಹೊಲ ಹರಗಿ ಹುರುಳಿ ಚೆಲ್ಲಲು ಸೆಪ್ಟೆಂಬರಿನಲ್ಲಿ ಒಂದು ಸಣ್ಣ ಅವಕಾಶ ಇರುತ್ತದೆ. ಹುರುಳಿ ಬಂದರೆ ಮನೆಗೆ ಕಾಳು, ದನಕ್ಕೆ ಹೊಟ್ಟು. ಒಂದು ಮಳೆ ಬಿದ್ದ ಮೇಲೆ ಐದಾರು ದಿನದೊಳಗೆ ಬಿತ್ತನೆ ಮುಗಿಯಬೇಕು. ಆವತ್ತು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಬೀಜ ಇಂಡೆಂಟ್ ಹಾಕಿದ್ದೇವೆ, ಬರುತ್ತದೆ ಅನ್ನುತ್ತಾರೆ. ಬರುವಷ್ಟರಲ್ಲಿ ಹದ ಹೋಗಿರುತ್ತದೆ. ಹುರುಳಿ, ಅಲಸಂದೆ, ನವಣೆ, ಸಾವೆ ಬೀಜ ಆಗಸ್ಟ್ 15ರೊಳಗೆ ಪ್ರತಿ ಹೋಬಳಿಯಲ್ಲಿ ದಾಸ್ತಾನು ಇರಲಿ. ಬರದ ಪಂಚಾಯಿತಿಗಳಿಗೆ ಪುಕ್ಕಟೆ ಕೊಡಿ. ಮಳೆ ಬಂದು ಬೀಜ ಉಳಿದರೆ ಹುರುಳಿ ಹಾಳಾಗುವ ಪದಾರ್ಥವಲ್ಲ. ಊರಿನ ಮಹಿಳಾ ಸಂಘಗಳಿಗೆ ಬೀಜ ಕೂಡಿಡುವ ಕೆಲಸ ಒಪ್ಪಿಸಿದರೆ ಅವರು ಇಲಾಖೆಗಿಂತ ಚೆನ್ನಾಗಿ ಮಾಡುತ್ತಾರೆ. ಹಾಗೆಯೇ, ಬರ ತಡೆಯುತ್ತದೆ ಅಂತ ಹೆಸರಾದ ಕದಿರಿ ಲೇಪಾಕ್ಷಿ ಶೇಂಗಾ ಬೀಜಕ್ಕೆ ನಮ್ಮವರು ಗಡಿ ದಾಟಿ ಹೋಗುತ್ತಾರೆ. ನಮ್ಮ ಬೀಜ ನಿಗಮ ನಮ್ಮ ಹೋಬಳಿಯಲ್ಲೇ ಇಂಥ ತಳಿಗಳನ್ನು ಬೆಳೆಸಿ ಕೊಡಬಾರದೇ?

ಸಾಲದ ವಿಷಯದಲ್ಲಿ ಮನ್ನಾ ಕೇಳುವುದಿಲ್ಲ. ಇರುವ ನಿಯಮ ಜಾರಿಯಾದರೆ ಸಾಕು. ಬೆಳೆ ನಷ್ಟ ಶೇ 33ರಿಂದ 50ರೊಳಗಿದ್ದರೆ 2 ವರ್ಷ, ಅದನ್ನು ಮೀರಿದರೆ 5 ವರ್ಷದವರೆಗೆ ಬೆಳೆ ಸಾಲವನ್ನು ಕಂತಿನಲ್ಲಿ ತೀರಿಸುವ ಅವಧಿ ಸಾಲವಾಗಿ ಬದಲಿಸಲು ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಲ್ಲೇ ಅವಕಾಶ ಕೊಟ್ಟಿದ್ದರು. ನಮ್ಮ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ 2024ರ ಫೆಬ್ರವರಿಯಲ್ಲಿ ಇದನ್ನು ಕೇಳಿದಾಗ, ಮೇಲಿನಿಂದ ಆದೇಶ ಬಂದಿಲ್ಲ ಅಂದರು. ಕೊನೆಗೆ ಪರಿಹಾರದ ಹಣ ಬಂದಾಗ ಕೆಲವರ ಖಾತೆಯಿಂದ ಅದನ್ನು ಸಾಲಕ್ಕೇ ಮುರಿದುಕೊಂಡರು. ಹಾಗೆ ಮಾಡಬೇಡಿ ಅಂತ ಸರ್ಕಾರ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತು, ನಿಜ. ಆದರೆ ಮುರಿದುಕೊಂಡ ಮೇಲೆ ವಾಪಸ್ ಪಡೆಯಲು ಬಡವನಿಗೆ ಮತ್ತೆ ಓಡಾಟ. ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ ಸಾಲ ಕೊಡುತ್ತೀರಿ, ದೊಡ್ಡ ಉಪಕಾರ. ಗಡುವು ತಪ್ಪಿದರೆ ಆ ಸೌಲಭ್ಯ ಹೋಗುತ್ತದೆ. ಬರದ ವರ್ಷ ಗಡುವಿನೊಳಗೆ ಕಟ್ಟುವವನು ಎಲ್ಲಿಂದ ತಂದು ಕಟ್ಟುತ್ತಾನೆ? ಕೈಸಾಲ ಮಾಡಿ ಕಟ್ಟಿ, ಮಾರನೆಯ ದಿನ ಹೊಸ ಸಾಲ ತೆಗೆದು ಕೈಸಾಲ ತೀರಿಸುತ್ತಾನೆ. ನಡುವಿನ ಬಡ್ಡಿ ಲೇವಾದೇವಿಯವನಿಗೆ. ಬರ ಘೋಷಣೆಯಾದ ದಿನವೇ ಗಡುವು ತಾನಾಗಿ ಒಂದು ವರ್ಷ ಮುಂದೆ ಹೋಗಲಿ.

ದನಕರು ಬಗ್ಗೆ ಹೇಳದಿದ್ದರೆ ನಮ್ಮ ಸೀಮೆಯ ಪತ್ರ ಪೂರ್ತಿಯಾಗುವುದಿಲ್ಲ. ನಮ್ಮಲ್ಲಿ ಬರದ ವರ್ಷ ಮನೆ ನಡೆಸುತ್ತಿದ್ದದ್ದು ಕುರಿ. ಮ್ಯಾಸನಾಯಕ ಸಮುದಾಯದವರ ದೇವರ ಎತ್ತುಗಳೂ ಇಲ್ಲೇ ಇವೆ. ಅವನ್ನು ಮಾರುವಂತಿಲ್ಲ, ಹೂಡುವಂತಿಲ್ಲ. ಕಿಲಾರಿಗಳು ಕಾಯುತ್ತಾರೆ. ಇವೆಲ್ಲ ಮೇಯುತ್ತಿದ್ದದ್ದು ಅಮೃತಮಹಲ್ ಕಾವಲ್ ಅನ್ನುವ ಹುಲ್ಲುಗಾವಲಿನಲ್ಲಿ. ಅದರಲ್ಲಿ ಸಾವಿರಾರು ಎಕರೆ ದೇಶದ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು, ಬೇಲಿ ಬಿತ್ತು. ಆ ಸಂಸ್ಥೆಗಳು ಬೇಡ ಅನ್ನುವ ಕಾಲ ದಾಟಿದೆ. ಉಳಿದ ಕಾವಲನ್ನಾದರೂ ಇನ್ನು ಯಾರಿಗೂ ಕೊಡಬೇಡಿ. ಗೋಶಾಲೆ, ಮೇವು ಬ್ಯಾಂಕು ತೆರೆಯುವಾಗ ತಾಲ್ಲೂಕಿಗೊಂದು ಅಂದರೆ ಆಗುವುದಿಲ್ಲ. ಸೊರಗಿದ ದನವನ್ನು ಇಪ್ಪತ್ತು ಮೈಲಿ ನಡೆಸಿಕೊಂಡು ಹೋಗಲು ಆಗುತ್ತದಾ? ಹೋಬಳಿಗೆ ಎರಡಾದರೂ ಬೇಕು, ಕುರಿಗೂ ಮೇವು ಸಿಗಬೇಕು. ಅಕ್ಟೋಬರಿನಲ್ಲಿ ತೆರೆದರೆ ಸಂತೆಗೆ ಹೋಗುವ ಎತ್ತು ಮನೆಯಲ್ಲಿ ಉಳಿಯುತ್ತದೆ. ಫೆಬ್ರವರಿಯಲ್ಲಿ ತೆರೆದರೆ ಕಟ್ಟಲು ಎತ್ತು ಇರುವುದಿಲ್ಲ.

ಕೃಷಿ ಹೊಂಡ ನಾನು ಕಣ್ಣಾರೆ ಕಂಡ ಒಳ್ಳೆಯ ಯೋಜನೆ. 2014ರಲ್ಲಿ ಕೃಷಿ ಭಾಗ್ಯ ಬಂದಾಗ ತೋಡಿಸಿದವರು ಒಂದು ನೀರು ಕೊಟ್ಟು ಬೆಳೆ ಉಳಿಸಿಕೊಂಡಿದ್ದಾರೆ. ನಡುವೆ ನಿಂತಿದ್ದ ಯೋಜನೆ ಮತ್ತೆ ಶುರುವಾಗಿದೆ. ಆದರೆ ಒಂದೂವರೆ ಎಕರೆ ಇರುವವನು ಅದರಲ್ಲಿ ಹೊಂಡಕ್ಕೆ ಜಾಗ ಬಿಟ್ಟು, ತನ್ನ ಪಾಲಿನ ದುಡ್ಡು ಹಾಕಿ, ಡೀಸೆಲ್ ಪಂಪು ತರುವುದು ಕಷ್ಟ. ಅಕ್ಕಪಕ್ಕದ ನಾಲ್ಕೈದು ಹೊಲದವರಿಗೆ ಸೇರಿ ಒಂದು ಹೊಂಡ, ಒಂದು ಪಂಪು ಕೊಡುವ ಹಾಗೆ ನಿಯಮ ಮಾಡಿ. ಸುತ್ತ ಬೇಲಿ ಹಾಕಿಸದೆ ಬಿಲ್ಲು ಕೊಡಬೇಡಿ, ಮಕ್ಕಳು ಬಿದ್ದು ಸತ್ತ ಸುದ್ದಿಗಳನ್ನು ನೀವೂ ಓದಿರುತ್ತೀರಿ.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಘೋಷಣೆಯಾದಾಗ ನಮ್ಮೂರಲ್ಲಿ ಪಟಾಕಿ ಹೊಡೆದಿದ್ದೆವು. ಆ ನೀರಿಗಾಗಿ ನಮ್ಮ ಹೋರಾಟ ಬೇರೆ ಇದೆ, ಅದು ನಡೆಯುತ್ತದೆ. ಕಾಲುವೆ ಬಂದರೂ ಎತ್ತರದ ಹೊಲಗಳಿಗೆ ನೀರು ಹತ್ತುವುದಿಲ್ಲ. ಅವರು ಮಳೆಯನ್ನೇ ನೋಡಬೇಕು. ನಾನು ಕೇಳುತ್ತಿರುವುದು ಅವರಿಗಾಗಿ.

ಮಾನ್ಯರೇ, ಇದರಲ್ಲಿ ಹೊಸ ಯೋಜನೆ, ಹೊಸ ಹೆಸರು ಯಾವುದೂ ಬೇಕಿಲ್ಲ. ಮುಂದಿನ ಮುಂಗಾರು ಶುರುವಾಗುವ ಮುಂಚೆ ನಾಲ್ಕೂ ಇಲಾಖೆಗಳ ಅಧಿಕಾರಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ. ಮಳೆಮಾಪಕ, ಬೆಳೆ ಸಮೀಕ್ಷೆ, ಫ್ರೂಟ್ಸ್ ಮೂರನ್ನೂ ಜೋಡಿಸಿ ಮೊದಲ ಕಂತು ಕೊಡಲು ಎಷ್ಟು ದಿನ ಬೇಕು ಅಂತ ಕೇಳಿ. ಮೊದಲಿಗೆ ಚಳ್ಳಕೆರೆ, ಮೊಳಕಾಲ್ಮುರು, ಪಾವಗಡದಂಥ ತಾಲ್ಲೂಕುಗಳಲ್ಲಿ ಮಾಡಿ ನೋಡಿ. ನಿಮ್ಮ ತೀರ್ಮಾನ ಏನೇ ಇರಲಿ, ಆಗುತ್ತದೆ ಅಂತಾದರೂ ಸರಿ, ಆಗುವುದಿಲ್ಲ ಅಂತಾದರೂ ಸರಿ, ಅದನ್ನು ರೋಹಿಣಿ ಮಳೆಯೊಳಗೆ ನಮಗೆ ತಿಳಿಸಿ. ಎಷ್ಟು ಎಕರೆ ಬಿತ್ತಬೇಕು, ಎಷ್ಟು ಸಾಲ ಮಾಡಬೇಕು ಅಂತ ನಾವು ಲೆಕ್ಕ ಹಾಕುವುದು ಆಗಲೇ.

ಇಂತಿ ತಮ್ಮ ವಿಶ್ವಾಸಿ,
ಚಳ್ಳಕೆರೆ ತಾಲ್ಲೂಕಿನ ಒಬ್ಬ ಮಳೆಯಾಶ್ರಿತ ರೈತ